ಕಡಗದ ಮರವೂ ಅದರ ಮೂಡಣ ದಾಯಾದಿಯೂ

ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನರಸಾಪುರವನ್ನು ಹಾದುಹೋಗದ ವಾಚಕರು ಈ ಸೀಮೆಯಲ್ಲಿ ವಿರಳ. ಜೀವನದಿಯಿಲ್ಲದ ಈ ನಾಡಿನಲ್ಲಿ ಕೆರೆಯೇ ಬಾಳಿಗೆ ಆಧಾರ. ಇಂದು ಅಲ್ಲಿ ಕೈಗಾರಿಕಾ ಪ್ರದೇಶವು ತಲೆಯೆತ್ತಿ, ಹಗಲಿರುಳೆನ್ನದೆ ಪಾಳಿಯ ದುಡಿಮೆ ನಡೆದಿದೆ. ದಣಿದ ದೇಹಕ್ಕೆ ಏನನ್ನಾದರೂ ಉಣಿಸಿ ಇನ್ನೊಂದು ಜಾವ ದುಡಿಸಬೇಕೆಂಬುದು ಮನುಷ್ಯನ ಬಹು ಹಳೆಯ ಆಸೆ. ನಮ್ಮವರು ಎಲೆಯಡಿಕೆಗೆ ಹೊಗೆಸೊಪ್ಪನ್ನು ಸೇರಿಸಿದರು. ಕಡಲಾಚೆಯ ಸಯಾಮಿನ ತೆಂಕಣ ಭಾಗದವರೂ ಮಲಯದವರೂ ಒಂದು ಮರದ ಎಲೆಯನ್ನು ಜಗಿದರು. ಸಯಾಮಿಗರು ಅದನ್ನು ಕ್ರಾಟಮ್ ಎಂದೂ, ಮಲಯದವರು ಕೇತುಮ್ ಎಂದೂ ಕರೆಯುತ್ತಾರೆ. ಆ ಮರದ ಸಮೀಪಬಂಧುವೊಂದು ನಮ್ಮ ಕನ್ನಡ ನಾಡಿನಲ್ಲಿಯೇ ಬೆಳೆಯುತ್ತದೆ. ಅಷ್ಟೇ ಅಲ್ಲ, ಆ ಎಲೆಯ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಅಷ್ಟೇನೂ ಹೆಮ್ಮೆಪಡಲಾಗದ ಒಂದು ಪಾಲಿದೆ.

ಮೊದಲು ನಮ್ಮ ಮರದ ಮಾತು. ಕನ್ನಡದಲ್ಲಿ ಕಡಗ, ಕಡವಾಲ ಎಂದು ಹೆಸರಾದ ಈ ಮರವು ಬಯಲುಸೀಮೆಯ ಎಲೆಯುದುರುವ ಕಾಡುಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಕೆರೆಯಂಚಿನಲ್ಲಿ ಕಾಣಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗನು ೧೮ನೆಯ ಶತಮಾನದ ಕೊನೆಯಲ್ಲಿ ಇದನ್ನು ವರ್ಣಿಸಿದನು. ಆಮೇಲೆ ಡಚ್ಚರ ಕೋರ್ತಾಲ್ಸನು ಇದನ್ನೂ ಕ್ರಾಟಮ್ಮನ್ನೂ ಸೇರಿಸಿಕೊಳ್ಳುವ ಕುಲಕ್ಕೆ ಮಿತ್ರಾಗೈನ ಎಂಬ ಹೆಸರನ್ನಿಟ್ಟನು. ಇದರಲ್ಲಿ ನಮ್ಮ ಸಂಸ್ಕೃತದ ‘ಮಿತ್ರ’ನಿಲ್ಲ, ಹೂವಿನ ಶಲಾಕಾಗ್ರವು ಕ್ರೈಸ್ತ ಬಿಷಪ್ಪರ ಮುಡಿಗಿರೀಟವನ್ನು ಹೋಲುವುದರಿಂದ ಬಂದ ಹೆಸರು ಅದು. ಕಾಫಿ, ಸಿಂಕೋನಾ, ಮಂಜಿಷ್ಠ, ಕೇಪಳ ಇವೆಲ್ಲ ಅದೇ ಕುಟುಂಬದವು. ಬನವಾಸಿಯ ಅರಸರಿಗೆ ಕುಲನಾಮವನ್ನಿತ್ತ ಕದಂಬವೂ ಈ ಬಳಗದ್ದೇ. ತಮ್ಮ ಮನೆಯ ಬಳಿಯ ಕದಂಬವನ್ನು ಸಾಕಿ ಸಲಹಿದುದರಿಂದ ಆ ವಂಶಕ್ಕೆ ಆ ಹೆಸರು ಬಂದಿತೆಂದು ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. ಉಂಡೆಯಂತಹ ಹೂಗೊಂಚಲನ್ನು ಕಂಡು ಜನರು ಕಡಗವನ್ನೂ ಕದಂಬವೆಂದೇ ಕರೆಯುವುದುಂಟು.

ಕಡಗದ ತೊಗಟೆಯನ್ನೂ ಬೇರನ್ನೂ ನಾಟಿ ವೈದ್ಯದಲ್ಲಿ ಜ್ವರಕ್ಕೂ ಹೊಟ್ಟೆನುಲಿತಕ್ಕೂ ಬಳಸುತ್ತ ಬಂದಿದ್ದಾರೆ. ಎಲೆಯನ್ನು ಅರೆದು ಹುಣ್ಣು ಬಾವುಗಳಿಗೆ ಕಟ್ಟುತ್ತಾರೆ. ಮರದಿಂದ ಬಾಚಣಿಗೆಯಾಗುತ್ತಿತ್ತು, ನಾರಿನಿಂದ ಹಗ್ಗವಾಗುತ್ತಿತ್ತು.

ಇನ್ನು ಮೂಡಣದ ದಾಯಾದಿಯ ವಿಷಯ. ತೆಂಕಣ ಸಯಾಮಿನಲ್ಲಿ ಹೊಲದ ಕೆಲಸದವರೂ ರಬ್ಬರ್ ತೋಟದ ಕೂಲಿಗಳೂ ಹಸಿಯೆಲೆಯ ನಡುನರವನ್ನು ಕಿತ್ತೆಸೆದು, ಉಳಿದುದನ್ನು ಜಗಿದು ಬಿಸಿಲಿಗೆ ಇಳಿಯುತ್ತಿದ್ದರು. ಮಲಬದ್ಧತೆಯಾಗದಿರಲೆಂದು ಉಪ್ಪನ್ನು ಸೇರಿಸುವ ವಾಡಿಕೆಯೂ ಇತ್ತು. ಭೇದಿ, ಕೆಮ್ಮು, ಜ್ವರ, ಮೈಕೈನೋವುಗಳಿಗೆ ಅದರ ಕಷಾಯವನ್ನು ಕುಡಿಯುತ್ತಿದ್ದರು. ಸ್ವಲ್ಪವಾದರೆ ಚುರುಕು, ಹೆಚ್ಚಾದರೆ ಮಂಪರು; ಒಂದೇ ಎಲೆಗೆ ಎರಡು ಗುಣ. ಆದರೆ ಅದಕ್ಕೆ ಹೆಚ್ಚಿನ ಖ್ಯಾತಿಯನ್ನು ತಂದುದು ಇನ್ನೊಂದು ಉಪಯೋಗ. ಅಫೀಮಿನ ಚಟವನ್ನು ಬಿಡುವವರು, ಅಥವಾ ಅಫೀಮಿಗೆ ಹಣವಿಲ್ಲದವರು, ಈ ಎಲೆಯನ್ನು ಆಶ್ರಯಿಸುತ್ತಿದ್ದರು.

ಆ ಅಫೀಮು ಎಲ್ಲಿಯದು? ವಾಚಕರು ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಗಂಗಾ ಬಯಲಿನ ರೈತರಿಂದ ಬೆಳೆಸಿ, ಗಾಜೀಪುರ ಮತ್ತು ಪಾಟ್ನಾದ ಸರ್ಕಾರಿ ಕಾರ್ಖಾನೆಗಳಲ್ಲಿ ಉಂಡೆಕಟ್ಟಿ, ಕಲ್ಕತ್ತೆಯಲ್ಲಿ ಹರಾಜು ಹಾಕಿದ ಅಫೀಮು ಹಡಗುಗಳಲ್ಲಿ ಚೀನಕ್ಕೂ ಮಲಯದ ರೇವುಗಳಿಗೂ ಹೋಗುತ್ತಿತ್ತು. ನಮ್ಮ ನೆಲದ ವಿಷಕ್ಕೆ ಅಲ್ಲಿನ ಬಡವನು ತನ್ನ ಹಿತ್ತಿಲಿನ ಮರದಲ್ಲಿ ಮದ್ದು ಹುಡುಕಿದನೆಂದರೆ ಅತಿಶಯೋಕ್ತಿಯಾಗದು. ಸಿಂಗಪುರದ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ರಿಡ್ಲಿಯು ೧೮೯೭ರಲ್ಲಿಯೇ ಇದನ್ನು ಅಫೀಮಿನ ಚಟಕ್ಕೆ ಪರಿಹಾರವೆಂದು ದಾಖಲಿಸಿದ್ದಾನೆ. ಮಲಯದಲ್ಲಿ ರಬ್ಬರ್ ಬೇಸಾಯವನ್ನು ಹಬ್ಬಿಸಿದವನೂ ಅವನೇ! ೧೯೦೭ರಲ್ಲಿ ಈ ಎಲೆಯಿಂದ ಕ್ಷಾರಸತ್ವವನ್ನು ಮೊದಲು ಬೇರ್ಪಡಿಸಿದ ಡೇವಿಡ್ ಹೂಪರನು ನಮಗೆ ಹೊರಗಿನವನಲ್ಲ. ಉದಕಮಂಡಲದಲ್ಲಿ ಮದರಾಸು ಸರ್ಕಾರದ ಸಿಂಕೋನಾ ರಸಾಯನಜ್ಞನಾಗಿದ್ದು, ಡೈಮಾಕ್ ಮತ್ತು ವಾರ್ಡನ್ ಅವರೊಡನೆ ‘ಫಾರ್ಮಕೋಗ್ರಾಫಿಯಾ ಇಂಡಿಕಾ’ವನ್ನು ರಚಿಸಿದವನು ಅವನು. ಆ ಸತ್ವಕ್ಕೆ ಮಿತ್ರಾಗೈನಿನ್ ಎಂದು ಹೆಸರಿಟ್ಟವಳು ಎಲೆನ್ ಫೀಲ್ಡ್, ೧೯೨೧ರಲ್ಲಿ.

ಸಯಾಮಿನ ಸರ್ಕಾರವು ೧೯೪೩ರಲ್ಲಿ ಕ್ರಾಟಮ್ಮನ್ನು ಕಾಯಿದೆಯಿಂದ ನಿಷೇಧಿಸಿತು. ಜನರ ಆರೋಗ್ಯವೊಂದೇ ಅದಕ್ಕೆ ಕಾರಣವೆಂದು ಭಾವಿಸಬೇಕಾಗಿಲ್ಲ. ಅಫೀಮು ಆಗ ಬೊಕ್ಕಸಕ್ಕೆ ಆದಾಯ. ಹಿತ್ತಿಲಿನ ಎಲೆಗೆ ಸುಂಕವಿಲ್ಲ. ಅಫೀಮನ್ನು ಅಲ್ಲಿ ನಿಷೇಧಿಸಿದುದು ೧೯೫೯ರಲ್ಲಿ. ಮದ್ದು ಮೊದಲು ಅಪರಾಧವಾಯಿತು, ರೋಗ ಹದಿನಾರು ವರ್ಷಗಳ ಅನಂತರ! ಕಡೆಗೆ ೨೦೨೧ರ ಆಗಸ್ಟ್ ತಿಂಗಳಲ್ಲಿ ಥೈಲೆಂಡ್ ಈ ಎಲೆಯನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದುಹಾಕಿತು.

ಇಷ್ಟರಿಂದ ಆ ಎಲೆಯು ನಿರ್ದೋಷಿಯೆಂದು ತಿಳಿಯಬಾರದು. ಬಹುಕಾಲ ಜಗಿದವರಲ್ಲಿ ಹಸಿವು ಕುಂದಿ, ಮೈ ಸೊರಗಿ, ಕೆನ್ನೆ ಕಪ್ಪಾಗುವುದನ್ನು ಥೈಲೆಂಡಿನ ವೈದ್ಯ ಸುವನ್ಲೆರ್ಟರು ೧೯೭೫ರಲ್ಲಿ ವರದಿ ಮಾಡಿದರು. ಬಿಟ್ಟೊಡನೆ ಮೈನೋವು, ಚಡಪಡಿಕೆ. ಹಳ್ಳಿಯವನು ಜಗಿಯುವ ನಾಲ್ಕು ಹಸಿಯೆಲೆ ಬೇರೆ. ಸತ್ವವನ್ನು ಸಾಂದ್ರಗೊಳಿಸಿ ಪಶ್ಚಿಮದ ಅಂಗಡಿಗಳಲ್ಲಿ ಮಾರುವ ಪುಡಿ, ಗುಳಿಗೆಗಳು ಬೇರೆ. ಅನ್ಯ ಮಾದಕಗಳೊಡನೆ ಬೆರೆಸಿ ಸೇವಿಸಿದವರ ಸಾವುಗಳೂ ಅಲ್ಲಿ ದಾಖಲಾಗಿವೆ. ಚಟವನ್ನು ಬಿಡಿಸಬಂದುದು ತಾನೇ ಚಟವಾಗುವುದು ಹೊಸತೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಗಳನ್ನೇ ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ವೈದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಬೇಕಾಯಿತೆಂದರೆ, ಗಿಡಮೂಲಿಕೆಯೆಂದ ಮಾತ್ರಕ್ಕೆ ಅಪಾಯವಿಲ್ಲವೆಂಬ ಭ್ರಮೆ ನಮ್ಮ ಹಿರಿಯರಿಗೆ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕುಲ ಒಂದೇ ಆದರೂ ಕಡಗವು ಕ್ರಾಟಮ್ ಅಲ್ಲ. ಕಡಗದ ಎಲೆಯಲ್ಲಿ ಪ್ರಧಾನವಾಗಿರುವುದು ರಿಂಕೋಫಿಲಿನ್, ಮಿತ್ರಾಫಿಲಿನ್ ಮೊದಲಾದ ಬೇರೆ ಸತ್ವಗಳು. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಿ ಕಷಾಯ ಕಾಸುವವನು ವೈದ್ಯನೂ ಅಲ್ಲ, ಶಾಸ್ತ್ರಜ್ಞನೂ ಅಲ್ಲ.

ಕುತೂಹಲವುಳ್ಳ ವಾಚಕರು ಮುಂಗಾರಿನ ದಿನಗಳಲ್ಲಿ ಹಳ್ಳಕೊಳ್ಳಗಳ ಬದಿಯಲ್ಲಿ ಹುಡುಕಿ ನೋಡಬಹುದು. ಬೂದುಬಣ್ಣದ ತೊಗಟೆ, ಎದುರುಬದುರಾಗಿ ಹುಟ್ಟುವ ಎಲೆಗಳು, ತುಸು ಹಳದಿ ಬೆರೆತ ಬಿಳಿಯ ಚಿಕ್ಕ ಹೂಚೆಂಡುಗಳು. ಒಂದು ಚೆಂಡನ್ನು ಬಿಡಿಸಿ ಭೂತಗನ್ನಡಿ ಹಿಡಿದರೆ, ಕೋರ್ತಾಲ್ಸನು ಕಂಡ ಆ ಪುಟ್ಟ ಕಿರೀಟವು ಒಂದೊಂದು ಹೂವಿನ ತುದಿಯಲ್ಲಿಯೂ ಕಾಣುತ್ತದೆ.