ಫಲನ ಭಾಷೆಗಳ ಕಂಪೈಲರುಗಳಲ್ಲಿ ಸಂಖ್ಯೆಯ ನೆಲೆ: ಒಂದು ಐತಿಹಾಸಿಕ ವಿವೇಚನೆ

೧

ಗಣಿತದ ಫಲನವನ್ನೇ ಮೂಲಘಟಕವಾಗಿ ಇಟ್ಟುಕೊಂಡು ರಚಿತವಾದ ಕ್ರಮವಿಧಿ ಭಾಷೆಗಳನ್ನು ಫಲನ ಭಾಷೆಗಳೆಂದು ಕರೆಯುವುದು ವಾಡಿಕೆ. ಇವು ವಿಚಾರಕ್ಕೆ ಸುಂದರವಾದರೂ ಲೆಕ್ಕಕ್ಕೆ ನಿಧಾನ ಎಂಬ ಅಭಿಪ್ರಾಯವು ಬಹುಕಾಲದಿಂದ ಪ್ರಚಲಿತವಾಗಿದೆ. ಈ ನಿಧಾನವು ಅವುಗಳ ಸ್ವಭಾವಸಿದ್ಧವಾದ ದೋಷವೆ, ಅಥವಾ ಒಂದು ಕಾಲದಲ್ಲಿ ಕೈಗೊಂಡ ನಿರ್ಧಾರದ ಫಲವೆ? ಇದನ್ನು ನಿರ್ಣಯಿಸಬೇಕಾದರೆ, ಕ್ರಮವಿಧಿಯನ್ನು ಯಂತ್ರದ ಆದೇಶಗಳಾಗಿ ಪರಿವರ್ತಿಸುವ ಕಂಪೈಲರುಗಳು ಒಂದು ಸಂಖ್ಯೆಯನ್ನು ಸ್ಮೃತಿಕೋಶದಲ್ಲಿ ಯಾವ ರೂಪದಲ್ಲಿ ಇರಿಸುತ್ತ ಬಂದವೆಂಬುದನ್ನು ಕಾಲಕ್ರಮದಲ್ಲಿ ನೋಡಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ಅದನ್ನು ಸಂಗ್ರಹವಾಗಿ ಪರಿಶೀಲಿಸುತ್ತೇವೆ.

೨

ಈ ಪರಂಪರೆಯ ಆದಿಯಲ್ಲಿರುವುದು ಲಿಸ್ಪ್ ಭಾಷೆ. ಜಾನ್ ಮೆಕಾರ್ಥಿಯವರು ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ೧೯೫೮ರಲ್ಲಿ ಇದನ್ನು ಆರಂಭಿಸಿ, ೧೯೬೦ರಲ್ಲಿ ಅದರ ತತ್ತ್ವವನ್ನು ಪ್ರಕಟಿಸಿದರು. ಇದು ಮೊದಲು ಓಡಿದ ಐ.ಬಿ.ಎಂ. ೭೦೪ ಯಂತ್ರದಲ್ಲಿ ಒಂದು ಪದವೆಂದರೆ ೩೬ ಬಿಟ್ಟುಗಳು. ವಿಳಾಸಕ್ಕೆ ೧೫ ಬಿಟ್ಟುಗಳು. ಆದುದರಿಂದ ಒಂದೇ ಪದದಲ್ಲಿ ಎರಡು ವಿಳಾಸಗಳು ಹಿಡಿಯುತ್ತಿದ್ದವು: ಒಂದು ಪಟ್ಟಿಯ ಮೊದಲ ಅಂಶದ್ದು, ಇನ್ನೊಂದು ಉಳಿದ ಪಟ್ಟಿಯದು. ಆದರೆ ೩೬ ಬಿಟ್ಟುಗಳ ಸಂಖ್ಯೆ ೧೫ ಬಿಟ್ಟುಗಳ ಸ್ಥಳದಲ್ಲಿ ಹಿಡಿಯುವಂತಿರಲಿಲ್ಲ. ಸಂಖ್ಯೆಯನ್ನು ಬೇರೊಂದು ಕೋಶದಲ್ಲಿರಿಸಿ, ಇದು ಸಂಖ್ಯೆ ಎಂಬ ಗುರುತನ್ನು ಹೊತ್ತ ಮತ್ತೊಂದು ಪದದ ಮೂಲಕ ಅದನ್ನು ತಲುಪಬೇಕಾಯಿತು. ಹೀಗೆ ಸಂಖ್ಯೆಯು ಪೆಟ್ಟಿಗೆಯನ್ನು ಸೇರಿತು.

ಈ ಏರ್ಪಾಡಿಗೆ ಒಂದು ಮಹತ್ತಾದ ಗುಣವಿತ್ತು. ಅಕ್ಷರವಾಗಲಿ, ಪಟ್ಟಿಯಾಗಲಿ, ಸಂಖ್ಯೆಯಾಗಲಿ, ಹೊರನೋಟಕ್ಕೆ ಎಲ್ಲವೂ ವಿಳಾಸಗಳೇ. ಪಟ್ಟಿಯ ಉದ್ದವನ್ನು ಅಳೆಯುವ ಒಂದೇ ಫಲನವು ಎಲ್ಲ ಪಟ್ಟಿಗಳಿಗೂ ಸಲ್ಲುತ್ತಿತ್ತು. ಆದರೆ ಪ್ರತಿಯೊಂದು ಸಂಕಲನಕ್ಕೂ ಎರಡು ಪೆಟ್ಟಿಗೆಗಳನ್ನು ತೆರೆದು, ಉತ್ತರಕ್ಕಾಗಿ ಮೂರನೆಯ ಪೆಟ್ಟಿಗೆಯನ್ನು ನಿರ್ಮಿಸಬೇಕಾಗಿತ್ತು. ಏಕರೂಪತೆಗೆ ತೆತ್ತ ಬೆಲೆ ಇದು.

೩

ಈ ಬೆಲೆಯನ್ನು ತಗ್ಗಿಸುವ ಗಮನಾರ್ಹ ಪ್ರಯತ್ನವು ಅದೇ ಸಂಸ್ಥೆಯಲ್ಲಿ ಪಿ.ಡಿ.ಪಿ.-೧೦ ಯಂತ್ರಕ್ಕಾಗಿ ಬೆಳೆದ ಮ್ಯಾಕ್‌ಲಿಸ್ಪ್‌ನಲ್ಲಿ ನಡೆಯಿತು. ಬೀಜಗಣಿತವನ್ನು ಸಾಧಿಸುವ ಬೃಹತ್ ಕ್ರಮವಿಧಿಯೊಂದನ್ನು ಈ ಭಾಷೆಯಲ್ಲಿ ರಚಿಸಲಾಗುತ್ತಿದ್ದುದರಿಂದ ವೇಗದ ಅಗತ್ಯ ತೀವ್ರವಾಗಿತ್ತು. ಇಲ್ಲಿ ಕ್ರಮವಿಧಿಕಾರನು ಒಂದು ಚರವು ಪೂರ್ಣಾಂಕವೆಂದು ಅಥವಾ ದಶಮಾಂಶವೆಂದು ಮೊದಲೇ ಘೋಷಿಸಬಹುದಾಗಿತ್ತು. ಘೋಷಣೆಯಿದ್ದಲ್ಲಿ ಕಂಪೈಲರು ಪೆಟ್ಟಿಗೆಯ ಗೊಡವೆಯಿಲ್ಲದೆ ಯಂತ್ರದ ಆದೇಶಗಳನ್ನೇ ನೇರವಾಗಿ ಬಳಸುತ್ತಿತ್ತು. ತಾತ್ಕಾಲಿಕ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸುವ ಪ್ರತ್ಯೇಕ ಸ್ಥಳದಲ್ಲಿರಿಸಿ, ಅವು ಬಹುಕಾಲ ಉಳಿಯಬೇಕಾದಾಗ ಮಾತ್ರ ಪೆಟ್ಟಿಗೆಗೆ ಸಾಗಿಸುತ್ತಿತ್ತು. ೧೯೭೩ರಲ್ಲಿ ರಿಚರ್ಡ್ ಫೇಟ್‌ಮನ್ನರು ಪ್ರಕಟಿಸಿದ ಹೋಲಿಕೆಯಲ್ಲಿ ಈ ಕಂಪೈಲರಿನ ಫಲಿತವು ಅದೇ ಯಂತ್ರದ ಫೋರ್ಟ್ರಾನ್ ಕಂಪೈಲರಿನದಕ್ಕಿಂತ ವೇಗವಾಗಿತ್ತು. ೧೯೭೭ರಲ್ಲಿ ಗೈ ಸ್ಟೀಲರು ಈ ವಿಧಾನಗಳನ್ನು ವಿಶದವಾಗಿ ವಿವರಿಸಿದರು. ನಿಧಾನವು ಫಲನ ಭಾಷೆಗೆ ಹುಟ್ಟಿನಿಂದ ಅಂಟಿದ್ದಲ್ಲವೆಂಬುದು ಇಷ್ಟರಿಂದಲೇ ವಿದಿತವಾಗುತ್ತದೆ. ಆದರೆ ಈ ಜ್ಞಾನದ ಹೊಣೆ ಪೂರ್ತಿಯಾಗಿ ಕ್ರಮವಿಧಿಕಾರನ ಮೇಲಿತ್ತು. ಅವನ ಘೋಷಣೆ ತಪ್ಪಾದರೆ ಉತ್ತರವೂ ತಪ್ಪಾಗುತ್ತಿತ್ತು.

೪

ಎರಡನೆಯ ಧಾರೆ ಎಡಿನ್‌ಬರೋದಿಂದ ಹೊರಟಿತು. ರಾಬಿನ್ ಮಿಲ್ನರರು ೧೯೭೦ರ ದಶಕದಲ್ಲಿ ಯಂತ್ರದ ನೆರವಿನಿಂದ ಪ್ರಮೇಯಗಳನ್ನು ಸಾಧಿಸುವುದಕ್ಕಾಗಿ ಎಂ.ಎಲ್. ಭಾಷೆಯನ್ನು ರೂಪಿಸಿದರು. ಪ್ರತಿಯೊಂದು ಪದಾರ್ಥದ ಪ್ರಕಾರವನ್ನು, ಎಂದರೆ ಅದು ಸಂಖ್ಯೆಯೋ ಪಟ್ಟಿಯೋ ಫಲನವೋ ಎಂಬುದನ್ನು, ಘೋಷಣೆಯಿಲ್ಲದೆ ಕಂಪೈಲರೇ ಊಹಿಸಿ ನಿಶ್ಚಯಿಸುವ ಅದರ ವಿಧಾನವು ೧೯೭೮ರಲ್ಲಿ ಸಿದ್ಧಾಂತರೂಪವನ್ನು ಪಡೆಯಿತು. ಅದರ ಉದ್ದೇಶ ಸಾಧನೆಯ ನಿರ್ದುಷ್ಟತೆ, ಸ್ಮೃತಿಕೋಶದ ಮಿತವ್ಯಯವಲ್ಲ.

ಈ ಕುಲದ ಓಕಾಮಲ್ ಭಾಷೆಯ ವ್ಯವಸ್ಥೆ ಬೋಧಪ್ರದವಾಗಿದೆ. ಅಲ್ಲಿ ಪೂರ್ಣಾಂಕವನ್ನು ಇಮ್ಮಡಿಸಿ ಒಂದನ್ನು ಕೂಡಿಸಿ ಇರಿಸುತ್ತಾರೆ. ವಿಳಾಸಗಳು ಸದಾ ಸಮಸಂಖ್ಯೆಗಳಾದ್ದರಿಂದ, ಕೊನೆಯ ಬಿಟ್ಟು ೧ ಆಗಿದ್ದರೆ ಅದು ಸಂಖ್ಯೆ, ೦ ಆಗಿದ್ದರೆ ವಿಳಾಸ. ೫ ಎಂಬುದು ೧೧ ಆಗಿಯೂ ೭ ಎಂಬುದು ೧೫ ಆಗಿಯೂ ಇರುತ್ತವೆ. ಇವೆರಡನ್ನು ಕೂಡಿ ಒಂದನ್ನು ಕಳೆದರೆ ೨೫, ಎಂದರೆ ೧೨ರ ರೂಪ ದೊರೆಯುತ್ತದೆ. ಪೆಟ್ಟಿಗೆ ತಪ್ಪಿತು, ಆದರೆ ೬೪ ಬಿಟ್ಟುಗಳ ಯಂತ್ರದಲ್ಲಿ ಪೂರ್ಣಾಂಕಕ್ಕೆ ೬೩ ಬಿಟ್ಟುಗಳೇ ಉಳಿದವು. ದಶಮಾಂಶ ಸಂಖ್ಯೆಗೆ ಈ ಉಪಾಯ ಸಲ್ಲದೆ ಅದು ಸಾಮಾನ್ಯವಾಗಿ ಪೆಟ್ಟಿಗೆಯಲ್ಲೇ ಉಳಿಯಿತು. ದಶಮಾಂಶಗಳ ಸಾಲುಗಳಿಗೆ ಮಾತ್ರ ವಿನಾಯಿತಿ ದೊರೆಯಿತು.

ಪ್ರಕಾರ ತಿಳಿದಿದ್ದರೆ ಗುರುತೇಕೆ, ಪೆಟ್ಟಿಗೆಯೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಝೇವಿಯರ್ ಲೆರಾಯರು ೧೯೯೨ರ ಲೇಖನದಲ್ಲಿ ಇದಕ್ಕೆ ಉತ್ತರ ಕೊಟ್ಟರು: ಪ್ರಕಾರ ನಿಶ್ಚಿತವಾಗಿರುವಲ್ಲಿ ಸಂಖ್ಯೆಯು ಬಿಡಿಯಾಗಿರಲಿ, ಯಾವ ಪ್ರಕಾರಕ್ಕೂ ಸಲ್ಲುವ ಬಹುರೂಪಿ ಫಲನದ ಹೊಸ್ತಿಲನ್ನು ದಾಟುವಾಗ ಮಾತ್ರ ಪೆಟ್ಟಿಗೆಯನ್ನು ಸೇರಲಿ. ಎಂಎಲ್‌ಟನ್ ಎಂಬ ಕಂಪೈಲರು ಇನ್ನೂ ಮುಂದೆ ಹೋಗಿ, ಸಮಗ್ರ ಕ್ರಮವಿಧಿಯನ್ನು ಒಮ್ಮೆಗೇ ಪರಿಶೀಲಿಸಿ, ಬಹುರೂಪಿ ಫಲನವನ್ನು ಪ್ರತಿ ಪ್ರಕಾರಕ್ಕೂ ಬೇರೆಬೇರೆಯಾಗಿ ರಚಿಸಿ ಹೊಸ್ತಿಲನ್ನೇ ಇಲ್ಲವಾಗಿಸಿತು.

೫

ಹ್ಯಾಸ್ಕೆಲ್ ಭಾಷೆಯಲ್ಲಿ ತೊಡಕು ಹೆಚ್ಚಿನದು. ಅಲ್ಲಿ ಒಂದು ಬೆಲೆಯನ್ನು ಅದು ಬೇಕಾಗುವವರೆಗೆ ಎಣಿಸುವುದಿಲ್ಲ. ಆದುದರಿಂದ ಪೆಟ್ಟಿಗೆಯೊಳಗೆ ಸಂಖ್ಯೆಯ ಬದಲು ಇನ್ನೂ ಮಾಡದ ಲೆಕ್ಕವೇ ಇರಬಹುದು. ೬೪ ಬಿಟ್ಟುಗಳ ಯಂತ್ರದಲ್ಲಿ ಪೂರ್ಣಾಂಕದ ಪೆಟ್ಟಿಗೆಗೆ ೨ ಪದಗಳು, ಪಟ್ಟಿಯ ಕೊಂಡಿಗೆ ೩ ಪದಗಳು, ಒಟ್ಟು ೪೦ ಬೈಟುಗಳು ಬೇಕು. ಹತ್ತು ಲಕ್ಷ ಸಂಖ್ಯೆಗಳ ಪಟ್ಟಿ ಹೀಗೆ ಸುಮಾರು ೪ ಕೋಟಿ ಬೈಟುಗಳನ್ನು ಆಕ್ರಮಿಸಿದರೆ, ಬಿಡಿ ಸಂಖ್ಯೆಗಳ ಸಾಲಿಗೆ ಸುಮಾರು ೮೦ ಲಕ್ಷ ಸಾಕು. ೧೯೯೧ರಲ್ಲಿ ಗ್ಲಾಸ್ಗೋದ ಸೈಮನ್ ಪೇಟನ್ ಜೋನ್ಸ್ ಮತ್ತು ಜಾನ್ ಲಾಂಚ್‌ಬರಿಯವರು ಪೆಟ್ಟಿಗೆಯನ್ನು ಭಾಷೆಯೊಳಗಿನ ಪದಾರ್ಥವಾಗಿಯೇ ಪ್ರಕಟಪಡಿಸಿದರು: ಸಾಮಾನ್ಯ ಪೂರ್ಣಾಂಕವೆಂದರೆ ಬಿಡಿ ಪೂರ್ಣಾಂಕವನ್ನು ಒಳಗೊಂಡ ಒಂದು ರಚನೆ. ಇದರಿಂದ ಪೆಟ್ಟಿಗೆಯನ್ನು ತೆರೆಯುವುದೂ ಮುಚ್ಚುವುದೂ ಬೀಜಗಣಿತದ ಸಮೀಕರಣದಂತೆ ಸರಳೀಕರಿಸಬಹುದಾದ ಕ್ರಿಯೆಗಳಾದವು. ಒಂದು ಫಲನವು ತನ್ನ ಚರವನ್ನು ಖಂಡಿತವಾಗಿ ಬಳಸುವುದೇ ಎಂಬುದನ್ನು ಮೊದಲೇ ತಿಳಿಯುವ ವಿಶ್ಲೇಷಣೆಯನ್ನು ಆಲನ್ ಮೈಕ್ರಾಫ್ಟರು ೧೯೮೦ರಲ್ಲಿಯೇ ತೋರಿಸಿದ್ದರು. ಇವೆರಡೂ ಸೇರಿದಾಗ, ಬಿಗಿಯಾದ ಆವರ್ತನಗಳಲ್ಲಿ ಪೆಟ್ಟಿಗೆಗಳು ಮಾಯವಾಗಿ ಸಂಖ್ಯೆಗಳು ಯಂತ್ರದ ರಿಜಿಸ್ಟರುಗಳಲ್ಲೇ ಸಂಚರಿಸುವುದು ಸಾಧ್ಯವಾಯಿತು.

೬

ಮೇಲಿನ ವಿವೇಚನೆಯಿಂದ ಫಲಿಸುವ ಅಂಶ ಇದು. ೧೯೫೮ರ ಯಂತ್ರದ ಪದವಿನ್ಯಾಸ ಮತ್ತು ಏಕರೂಪತೆಯ ಬಯಕೆ ಸೇರಿ ಸಂಖ್ಯೆಯನ್ನು ಪೆಟ್ಟಿಗೆಯಲ್ಲಿಟ್ಟವು. ಅದನ್ನು ಹೊರತಂದದ್ದು ಜ್ಞಾನ. ಮ್ಯಾಕ್‌ಲಿಸ್ಪ್‌ನಲ್ಲಿ ಆ ಜ್ಞಾನವು ಮನುಷ್ಯನ ಘೋಷಣೆ, ಎಂ.ಎಲ್.ನಲ್ಲಿ ಪ್ರಕಾರದ ಅನುಮಾನ, ಹ್ಯಾಸ್ಕೆಲ್‌ನಲ್ಲಿ ಬಳಕೆಯ ವಿಶ್ಲೇಷಣೆ. ಪ್ರಮೇಯಗಳ ನಿರ್ದುಷ್ಟತೆಗಾಗಿ ಹುಟ್ಟಿದ ಪ್ರಕಾರಸಿದ್ಧಾಂತವು ಮುಂದೆ ಸ್ಮೃತಿಕೋಶದ ಮಿತವ್ಯಯಕ್ಕೆ ಆಧಾರವಾದುದು ಈ ಇತಿಹಾಸದ ವಿಶೇಷ. ಬೆಲೆ ಸಂಪೂರ್ಣವಾಗಿ ಅಳಿದಿದೆ ಎಂದು ಇದರ ಅರ್ಥವಲ್ಲ: ಸಮಗ್ರ ಪರಿಶೀಲನೆಗೆ ಸಮಗ್ರ ಕ್ರಮವಿಧಿಯೇ ಕೈಯಲ್ಲಿರಬೇಕು, ಕಂಪೈಲರಿನ ಶ್ರಮವೂ ಹೆಚ್ಚುತ್ತದೆ, ಜ್ಞಾನವು ಕಡಿದುಹೋದಲ್ಲಿ ಪೆಟ್ಟಿಗೆ ಮರಳುತ್ತದೆ. ಆದುದರಿಂದ ಒಂದು ಭಾಷೆಯನ್ನು ನಿಧಾನವೆಂದು ತೀರ್ಮಾನಿಸುವ ಮೊದಲು, ಅದರ ಕಂಪೈಲರಿಗೆ ಏನು ತಿಳಿದಿತ್ತು, ಯಾರಿಂದ ತಿಳಿದಿತ್ತು ಎಂದು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.