ಕೆಸುವಿನೆಲೆ ಮತ್ತು ಕಾಯಿಹಾಲು: ಒಂದು ಪಾಕಕ್ರಮದ ಚರಿತ್ರೆ

ಜನಸಾಮಾನ್ಯರ ಅಡುಗೆಯ ಚರಿತ್ರೆಗೆ ಲಿಖಿತ ಆಕರಗಳು ವಿರಳ. ಸಸ್ಯಗಳು ಸಾಗಿಬಂದ ದಾರಿ, ನುಡಿಯಲ್ಲಿ ಉಳಿದ ಪದಗಳು ಇವೇ ಅಲ್ಲಿ ಮುಖ್ಯ ಆಧಾರಗಳಾಗುತ್ತವೆ. ಕೆಸುವಿನ ಎಲೆಯನ್ನು ಕಾಯಿಹಾಲಿನಲ್ಲಿ ಬೇಯಿಸುವ ಕ್ರಮ ಇದಕ್ಕೆ ಉತ್ತಮ ನಿದರ್ಶನ. ಶಾಂತಸಾಗರದ ಸಮೋವಾದಲ್ಲಿಯೂ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್‌ನಲ್ಲಿಯೂ ಈ ಅಡುಗೆ ಇದೆ. ಹೋಲಿಕೆಯನ್ನು ಕಂಡೊಡನೆ ಎರಡಕ್ಕೂ ಮೂಲವೊಂದೇ ಎಂದು ಊಹಿಸುವುದು ಸಹಜ. ಆದರೆ ಆಧಾರಗಳು ಅದನ್ನು ಸಮರ್ಥಿಸುವುದಿಲ್ಲ.

ಕೆಸುವಿನೆಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳಿಂದಾಗಿ ಅರೆಬೆಂದ ಎಲೆಯನ್ನು ತಿಂದರೆ ಗಂಟಲು ತುರಿಸುತ್ತದೆ. ಆದುದರಿಂದ ಎಲೆಯನ್ನು ಬಹಳ ಹೊತ್ತು ಬೇಯಿಸುವುದು ಅನಿವಾರ್ಯ. ಹಾಗೆ ಬೆಂದ ಎಲೆಗೆ ಕಾಯಿಹಾಲಿನ ಜಿಡ್ಡು ರುಚಿಯನ್ನು ಕೊಡುತ್ತದೆ. ಎಲೆಯಲ್ಲಿರುವ ಕ್ಯಾರೊಟಿನ್ ದೇಹಗತವಾಗಲೂ ನೆರವಾಗುತ್ತದೆ.

ಪಾಲಿನೇಷ್ಯದಲ್ಲಿ ಈ ಜೋಡಿ ಪ್ರಾಚೀನವಾದುದು. ಸುಮಾರು 2,800 ವರ್ಷಗಳ ಹಿಂದೆ ಟೋಂಗಾ, ಸಮೋವಾಗಳನ್ನು ತಲುಪಿದ ನಾವಿಕರ ಸಂತತಿಯವರು ಕೆಸುವನ್ನೂ ತೆಂಗನ್ನೂ ಹವಾಯಿಯವರೆಗೆ ಒಯ್ದರು. ಸಮೋವಾದ ‘ಪಾಲುಸಾಮಿ’ ಎಂದರೆ ಗಟ್ಟಿ ಕಾಯಿಹಾಲನ್ನು ಎಳೆಯ ಕೆಸುವಿನೆಲೆಯಲ್ಲಿ ಕಟ್ಟಿ, ಕಾದ ಕಲ್ಲುಗಳ ಒಲೆಯಲ್ಲಿ ಬೇಯಿಸಿದ ತಿನಿಸು. ಟೋಂಗಾದಲ್ಲಿ ಎಲೆಯ ಹೆಸರು ‘ಲೂ’, ಹವಾಯಿಯಲ್ಲಿ ‘ಲೂಆವ್’. ಹವಾಯಿಯಲ್ಲಿ ಎಲೆಯ ಈ ಹೆಸರೇ ಔತಣಕ್ಕೂ ಅಂಟಿಕೊಂಡಿತು. 1856ರ ಪತ್ರಿಕೆಯೊಂದರಲ್ಲಿ ಆ ಪ್ರಯೋಗ ಕಾಣಸಿಗುತ್ತದೆ.

ಟ್ರಿನಿಡಾಡ್‌ನ ‘ಕ್ಯಾಲಲೂ’ ಇದಕ್ಕಿಂತ ಭಿನ್ನ. ಅದರಲ್ಲಿ ಕೆಸುವಿನೆಲೆ, ಕಾಯಿಹಾಲುಗಳೊಡನೆ ಆಫ್ರಿಕಾದಿಂದ ಬಂದ ಬೆಂಡೆಯೂ ಸೇರುತ್ತದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಪೂರ್ವ ಆಫ್ರಿಕಾದ ತೆಂಗನ್ನು ಕೇಪ್ ವರ್ಡ್ ದ್ವೀಪಗಳಿಗೆ ತಂದರು. ಅದು ಅಲ್ಲಿಂದ ಅಮೆರಿಕದ ತೀರಗಳಿಗೆ ಹರಡಿತು. 2011ರಲ್ಲಿ ಪ್ರಕಟವಾದ ತಳಿವೈಜ್ಞಾನಿಕ ಅಧ್ಯಯನವೂ ಅಟ್ಲಾಂಟಿಕ್ ತೀರದ ತೆಂಗು ಹಿಂದೂ ಮಹಾಸಾಗರದ ತೆಂಗಿನ ಬಳಗಕ್ಕೆ ಸೇರಿದುದೆಂದು ತೋರಿಸಿತು. ಹೀಗೆ ಬೇರೆ ಬೇರೆ ದಾರಿಗಳಲ್ಲಿ ಬಂದ ವಸ್ತುಗಳನ್ನು ಒಂದೇ ಮಡಕೆಗೆ ಹಾಕಿದ ಕೈಗಳಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ಪಾಲು ದೊಡ್ಡದು. ಜಮೈಕಾದಲ್ಲಿ ‘ಕ್ಯಾಲಲೂ’ ಎಂದರೆ ಹರಿವೆಯ ಜಾತಿಯ ಸೊಪ್ಪು. ಪಾಲಿನೇಷ್ಯದಲ್ಲಿ ಹೆಸರು ಎಲೆಗೆ ಅಂಟಿಕೊಂಡೇ ಉಳಿದರೆ, ಕೆರಿಬಿಯನ್‌ನಲ್ಲಿ ಅದು ಸೊಪ್ಪಿನಿಂದ ಸೊಪ್ಪಿಗೆ ಜಿಗಿದಿದೆ.

ಕರ್ನಾಟಕದ ಕರಾವಳಿಯ ಪತ್ರೊಡೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ಕೆಸು, ತೆಂಗು ಎರಡೂ ಇಲ್ಲಿ ಹೇರಳವಾಗಿವೆ. ಆದರೆ ಇಲ್ಲಿ ಅಕ್ಕಿ, ತೆಂಗಿನತುರಿ, ಮೆಣಸುಗಳನ್ನು ಹುಣಸೆಹುಳಿಯೊಡನೆ ರುಬ್ಬಿ, ಎಲೆಗೆ ಬಳಿದು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು ರೂಢಿ. ತುರಿಕೆಯನ್ನು ತಗ್ಗಿಸಲು ಇಲ್ಲಿನವರು ಹುಳಿಯನ್ನು ನೆಚ್ಚಿದರು.

ಸಾಮಗ್ರಿ ಒಂದೇ ಆದ ಮಾತ್ರಕ್ಕೆ ಪಾಕಕ್ರಮ ಒಂದೇ ಆಗುವುದಿಲ್ಲ. ಪಾಕಕ್ರಮ ಒಂದೇ ಆದರೂ ಅದರ ಹಿಂದಿನ ಚರಿತ್ರೆ ಒಂದೇ ಆಗಬೇಕಿಲ್ಲ. ಒಂದೆಡೆ ಸ್ವಇಚ್ಛೆಯ ಸಮುದ್ರಯಾನ, ಇನ್ನೊಂದೆಡೆ ಬಲಾತ್ಕಾರದ ಸಾಗಣೆ. ರುಚಿಯ ಹೋಲಿಕೆಯಲ್ಲಿ ಈ ವ್ಯತ್ಯಾಸ ಮರೆಯಾಗದಂತೆ ನೋಡಿಕೊಳ್ಳುವುದು ಆಹಾರ ಚರಿತ್ರೆಕಾರನ ಹೊಣೆ.