ಪಚ್ಚಬಾಳೆಯ ಹಡಗುಯಾನ

ಪಚ್ಚಬಾಳೆಗೆ ನಮ್ಮಲ್ಲಿ ಅಂಥ ಮರ್ಯಾದೆಯೇನೂ ಇಲ್ಲ. ತಾಂಬೂಲಕ್ಕೆ, ನೆಂಟರ ಎಲೆಗೆ ಏಲಕ್ಕಿ ಬಾಳೆಯೇ ಆಗಬೇಕು. ಆದರೆ ದೇಶದಿಂದ ದೇಶಕ್ಕೆ ಹಡಗೇರುವ ಬಾಳೆ ಬಹುಮಟ್ಟಿಗೆ ಈ ಪಚ್ಚಬಾಳೆಯ ಕುಲದ್ದೇ, ಹೆಸರು ಕ್ಯಾವೆಂಡಿಶ್. ಆ ಪಟ್ಟ ಅದಕ್ಕೆ ಸಿಕ್ಕಿದ್ದು ರುಚಿಯಿಂದಲ್ಲ, ಸಾಯದೆ ಉಳಿದದ್ದರಿಂದ.

1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಕಪ್ತಾನ ಜಮೈಕಾದಿಂದ 160 ಗೊನೆಗಳನ್ನು ಅಮೆರಿಕದ ಜರ್ಸಿ ಸಿಟಿಗೆ ಒಯ್ದು ಮಾರಿ ಲಾಭ ಕಂಡ. ಅತ್ತ ಕೋಸ್ಟರಿಕದಲ್ಲಿ ರೈಲುಹಾದಿ ಹಾಕುತ್ತಿದ್ದ ಮೈನರ್ ಕೀತ್, ರೈಲಿಗೆ ಸರಕಾದೀತೆಂದು ಹಳಿಯ ಪಕ್ಕದಲ್ಲೇ ಬಾಳೆ ನೆಡಿಸಿದ. ಬೇಕರನ ಬಾಸ್ಟನ್ ಫ್ರೂಟ್ ಕಂಪನಿಯೂ ಕೀತನ ವ್ಯಾಪಾರವೂ 1899ರಲ್ಲಿ ಕೂಡಿಕೊಂಡು ಯುನೈಟೆಡ್ ಫ್ರೂಟ್ ಕಂಪನಿಯಾಯಿತು. ತೋಟ, ರೈಲು, ಬಂದರು, ಹಡಗು ಎಲ್ಲ ಒಂದೇ ಮುಷ್ಟಿಯಲ್ಲಿ. ಕಂಪನಿ ಪಾಳು ಬಿಟ್ಟಿದ್ದ ನೆಲವನ್ನು ರೈತರಿಗೆ ಹಂಚಹೊರಟ ಗ್ವಾಟೆಮಾಲಾದ ಅರ್ಬೆನ್ಸ್ ಸರ್ಕಾರ 1954ರಲ್ಲಿ ಸಿಐಎ ನೆರವಿನ ದಂಗೆಗೆ ಉರುಳಿತು. ಹಣ್ಣಿನ ವ್ಯಾಪಾರ ಅಲ್ಲಿಯವರೆಗೂ ಹೋಗಬಲ್ಲದು!

ಆಗ ಹಡಗೇರುತ್ತಿದ್ದದ್ದು ಗ್ರೋಮಿಶೆಲ್ ತಳಿ. ದಪ್ಪ ಸಿಪ್ಪೆ, ಇಡೀ ಗೊನೆಯನ್ನೇ ತುಂಬಿದರೂ ಜಜ್ಜುತ್ತಿರಲಿಲ್ಲ. ತಿನ್ನುವ ಬಾಳೆಗೆ ಬೀಜವಿಲ್ಲ, ಕಂದಿನಿಂದಲೇ ಕಂದು. ಹಾಗಾಗಿ ಸಾವಿರಾರು ಎಕರೆಯೂ ಒಂದೇ ಗಿಡದ ಪಡಿಯಚ್ಚು. ಅದರೊಳಗೆ ಹೊಕ್ಕದ್ದು ಪನಾಮಾ ಸೊರಗು ರೋಗ. ಮಣ್ಣಿನ ಶಿಲೀಂಧ್ರ ಬೇರಿನಿಂದ ಏರಿ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಮದ್ದಿಲ್ಲ, ಮಣ್ಣಲ್ಲಿ ಅದು ದಶಕಗಟ್ಟಲೆ ಬದುಕಿರುತ್ತದೆ. ಕಂಪನಿಗಳು ಹೊಸ ಕಾಡು ಕಡಿದು ತೋಟ ಎಬ್ಬಿಸುತ್ತ ಓಡಿದವು. 1960ರ ದಶಕದ ಹೊತ್ತಿಗೆ ಸೋತು, ರೋಗ ತಡೆಯುವ ಕ್ಯಾವೆಂಡಿಶ್‌ಗೆ ಬಂದವು. ಇದರ ಸಿಪ್ಪೆ ನಾಜೂಕು. ಚಿಪ್ಪು ಬಿಡಿಸಿ, ತೊಳೆದು, ರಟ್ಟಿನ ಪೆಟ್ಟಿಗೆಗೆ ತುಂಬುವ ಪದ್ಧತಿ ಹುಟ್ಟಿದ್ದು ಹಾಗೆ. ಹಡಗಿನಲ್ಲಿ ಸುಮಾರು 13 ಡಿಗ್ರಿ ತಂಪು. ಅದಕ್ಕಿಂತ ಇಳಿದರೆ ಸಿಪ್ಪೆ ಕಪ್ಪಾಗುತ್ತದೆ. ದಡ ಸೇರಿದ ಮೇಲೆ ಎಥಿಲೀನ್ ಕೊಟ್ಟು ಹಣ್ಣು ಮಾಡುತ್ತಾರೆ.

ನಮ್ಮ ನಂಜನಗೂಡಿನ ರಸಬಾಳೆ ಕ್ಷೀಣಿಸಿದ್ದಕ್ಕೂ ಇದೇ ಸೊರಗು ರೋಗ ದೊಡ್ಡ ಕಾರಣ. ಅದು ಹಡಗಿಗೆಂದು ಬೆಳೆದ ಬಾಳೆಯಲ್ಲ. ಭೌಗೋಳಿಕ ಸೂಚಕದ ಪಟ್ಟಿ ಸೇರಿತು, ಆದರೆ ಪಟ್ಟಿ ಗಿಡವನ್ನು ಕಾಯುವುದಿಲ್ಲ.

ಜಗತ್ತಿನ ಬಾಳೆಯಲ್ಲಿ ಸುಮಾರು ಕಾಲುಪಾಲು ಬೆಳೆಯುವ ಭಾರತ, ಬೆಳೆದದ್ದನ್ನೆಲ್ಲ ಹೆಚ್ಚುಕಮ್ಮಿ ತಾನೇ ತಿನ್ನುತ್ತದೆ. ರಫ್ತಿನಲ್ಲಿ ಮುಂದಿರುವುದು ಈಕ್ವೆಡಾರ್. ಈಚೆಗೆ ಜಳಗಾಂವ್, ಸೊಲ್ಲಾಪುರದ ಕಡೆಯಿಂದ ಅಂಗಾಂಶ ಕೃಷಿಯ ಜಿ-9 ಬಾಳೆ ಕೊಲ್ಲಿ ದೇಶಗಳಿಗೆ ಹೋಗುತ್ತಿದೆ. ಜಿ-9 ಕೂಡ ಕ್ಯಾವೆಂಡಿಶ್ ಕುಲವೇ.

ಈಗ ಸೊರಗು ರೋಗದ ಶಿಲೀಂಧ್ರ ಹೊಸ ವೇಷದಲ್ಲಿ ಬಂದಿದೆ, ಟಿಆರ್-4. ಕ್ಯಾವೆಂಡಿಶನ್ನೂ ಬಿಡದು. ಆಗ್ನೇಯ ಏಷ್ಯಾವನ್ನು ಕಾಡಿ, 2019ರಲ್ಲಿ ಕೊಲಂಬಿಯಾದಲ್ಲಿ ಕಾಣಿಸಿತು. ನಮ್ಮ ಬಿಹಾರ, ಉತ್ತರ ಪ್ರದೇಶಗಳಲ್ಲೂ ಇದೆ. ಕಾಡುಬಾಳೆಯ ವಂಶವಾಹಿ ಸೇರಿಸಿ ವಿಜ್ಞಾನಿ ಜೇಮ್ಸ್ ಡೇಲ್ ತಂಡ ರೂಪಿಸಿದ ಕ್ಯೂಕ್ಯಾವ್-4 ತಳಿಗೆ ಆಸ್ಟ್ರೇಲಿಯಾ 2024ರಲ್ಲಿ ಒಪ್ಪಿಗೆ ಕೊಟ್ಟಿತು. ರೋಗ ಕೈಮೀರಿದರೆ ನೋಡೋಣವೆಂದು ಅದನ್ನು ಕಾದಿರಿಸಿದ್ದಾರೆ. ಅದೂ ಕ್ಯಾವೆಂಡಿಶೇ.